ಮಡಕೆಯೊಳಗಿನ ಡೇಂಜರ್

“ತಲೆ ಎಲ್ಲೇ?” ಎಂದಳು ಮೋನಿಷಾ.

ಐದನೇ ಕ್ಲಾಸಿನ ಅರ್ಧ ಹುಡುಗರು ಶ್ರೀರಾಂಪುರದ ಆ ಪುಟ್ಟ ಹಾಲ್‌ನಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಗಾಜಿನ ತೊಟ್ಟಿಯೊಳಗೆ ಇಣುಕುತ್ತಿದ್ದರು. ಬಾಗಿಲಲ್ಲಿ ಚಪ್ಪಲಿಗಳು ಗುಡ್ಡೆ ಬಿದ್ದಿದ್ದವು. ಒಬ್ಬನಂತೂ ಹಾವು ಹೊರಗೆ ಹಾರಿದರೆ ಓಡಲು ಸುಲಭವಾಗಲಿ ಎಂದು ಚಪ್ಪಲಿ ಬಿಚ್ಚದೆಯೇ ಒಳಗೆ ಬಂದಿದ್ದ.

“ಒಳಗಡೆ ಇದೆ ಕಣೇ. ಸ್ವಲ್ಪ ತಡಿ, ಈಗ ಎತ್ತುತ್ತೆ,” ಎಂದಳು ರಮ್ಯಾ.

ಎತ್ತಲಿಲ್ಲ. ತೊಟ್ಟಿಯ ಮೂಲೆಯಲ್ಲಿ ಹಾವು ಉಂಡೆಯಾಗಿ ಕೂತಿತ್ತು. ಕಂದು ಕಪ್ಪು ಮಚ್ಚೆಗಳ ಮೈಯನ್ನು ಸುತ್ತಿ ಸುತ್ತಿ, ತಲೆಯನ್ನು ಆ ಸುತ್ತುಗಳ ನಡುವೆ ತುರುಕಿಕೊಂಡಿತ್ತು. ಬಾಲ ಎಲ್ಲಿ, ಕುತ್ತಿಗೆ ಎಲ್ಲಿ ಎಂದು ಹೇಳುವುದೇ ಕಷ್ಟ.

“ಮೇಕೆ ನುಂಗುತ್ತೆ ಅಂದಿದ್ದೆ?”

“ದೊಡ್ಡದಾದ್ಮೇಲೆ.”

“ಬುಸ್ ಅಂತ ಎಗರುತ್ತೆ ಅಂದಿದ್ದೆ?”

ರಮ್ಯಾಳಿಗೆ ಕಿವಿ ಬಿಸಿಯಾಯಿತು. ಸ್ಕೂಲ್ ಬ್ಯಾಗಿನಿಂದ ಸ್ಟೀಲ್ ಸ್ಕೇಲು ತೆಗೆದು ಗಾಜಿನ ಮೇಲೆ ಟಣ್ ಟಣ್ ಎಂದು ಬಡಿದಳು. ಉಂಡೆ ಇನ್ನಷ್ಟು ಬಿಗಿಯಾಯಿತು, ಅಷ್ಟೇ.

“ನಮ್ಮಜ್ಜಿ ಹುಣಸೆಹಣ್ಣನ್ನ ಹಿಂಗೇ ಉಂಡೆ ಮಾಡಿ ಡಬ್ಬಕ್ಕೆ ಹಾಕಿಡ್ತಾರೆ,” ಎಂದಳು ಮೋನಿಷಾ. “ಇದಕ್ಕಿಂತ ಅದೇ ವಾಸಿ. ಸಾರಿಗಾದ್ರೂ ಆಗುತ್ತೆ.”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಪ್ಪಲಿ ಬಿಚ್ಚದವನು ಎಲ್ಲರಿಗಿಂತ ಜೋರಾಗಿ ನಕ್ಕ. ಅವರೆಲ್ಲ ಹೋದಮೇಲೆ ರಮ್ಯಾ ತೊಟ್ಟಿಯ ಮುಂದೆ ಕುಕ್ಕರಿಸಿ ಕೂತು, “ಹೇಡಿ! ನನ್ನ ಮಾನ ಎಲ್ಲಾ ಕಳೆದೆ,” ಎಂದು ಹಾವನ್ನು ಬೈದಳು.

ಅದಕ್ಕೆ ಡೇಂಜರ್ ಎಂದು ಹೆಸರಿಟ್ಟವಳೂ ಅವಳೇ. ಹೆಸರಿಡುವ ಮೊದಲು ಯಾರೂ ಹಾವನ್ನು ಕೇಳಿರಲಿಲ್ಲ.

ಡೇಂಜರ್ ಆ ಮನೆಗೆ ಬಂದದ್ದು ಮುನೇಶ್ ಮಾವನ ದೆಸೆಯಿಂದ. ರಮ್ಯಾಳ ಅಮ್ಮ ಪ್ರೇಮಲತಾಳ ತಮ್ಮ ಅವನು. ದೊಡ್ಡ ಮನೆಗಳಲ್ಲಿ, ಅಂಗಡಿಗಳಲ್ಲಿ ಮೀನಿನ ತೊಟ್ಟಿ ತೊಳೆದು ಅಲಂಕಾರ ಮಾಡಿಕೊಡುವುದು ಅವನ ಕೆಲಸ. ಹೊಸದಾಗಿ ಒಂದು ಮೊಬೈಲ್ ಕೊಂಡಿದ್ದ. ಅದರಲ್ಲಿ ಮಾತಾಡಿದರೆ ಮೂರು ಮನೆಯಾಚೆಗೂ ಕೇಳುತ್ತಿತ್ತು. ಮುನೇಶ್ ಮಾವನಿಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲೆ ಇರಲಿಲ್ಲ. ಇದನ್ನು ಎಲ್ಲರಿಗೂ ಹೇಳುತ್ತಿದ್ದವನು ಮುನೇಶ್ ಮಾವನೇ.

ಕುಮಾರ ಪಾರ್ಕಿನ ಒಂದು ಮನೆಯಲ್ಲಿ ಸುಮನ್ ಎಂಬ ಕಾಲೇಜು ಹುಡುಗ ಈ ಹಾವನ್ನು ಸಾಕಿದ್ದ. ಬಾಲ್ ಪೈಥಾನ್ ಎಂದು ಇದರ ಜಾತಿ. ಆಫ್ರಿಕದ ಕಡೆಯ ಹಾವು. ವಿಷವಿಲ್ಲ, ದೊಡ್ಡದಾದರೂ ಮೂರ್ನಾಲ್ಕು ಅಡಿ. ಸುಮನ್ ಓದಲು ಹಾಸ್ಟೆಲ್ಲಿಗೆ ಹೊರಟ. ವಾರ್ಡನ್ನಿಗೆ ಹಾವು ಬೇಡ, ಸುಮನ್‌ನ ಅಮ್ಮನಿಗೂ ಬೇಡ. ಮುನೇಶ್ ಮಾವನಿಗೆ ಮಾತ್ರ ಪುಕ್ಕಟೆ ಸಿಕ್ಕಿದ್ದು ಯಾವುದೂ ಬೇಡ ಅನ್ನಿಸಿದ್ದೇ ಇಲ್ಲ.

“ಹೆಂಗೆ ನೋಡ್ಕೋಬೇಕು ಅಂತ ಆ ಹುಡುಗ ಹೇಳಿದಾನೇನೋ?” ಎಂದು ಅಪ್ಪ ಹರಿಕೃಷ್ಣ ಕೇಳಿದ್ದ.

“ಅರ್ಧ ಗಂಟೆ ಕೊರೆದ ಭಾವ, ಎಲ್ಲಾ ಇಂಗ್ಲಿಷಲ್ಲಿ. ಎರಡು ವಿಷಯ ನೆನಪಿದೆ. ಸತ್ತಿರೋ ಇಲಿನ ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿ ಕೊಡ್ಬೇಕು. ತಿಂದ್ಮೇಲೆ ಎರಡು ದಿನ ಮುಟ್ಟಬಾರದು, ಮುಟ್ಟಿದ್ರೆ ಕಕ್ಕಿಬಿಡುತ್ತೆ. ಮಿಕ್ಕಿದ್ದೆಲ್ಲ ನಂಗೊತ್ತು ಬಿಡು. ಎಷ್ಟು ತೊಟ್ಟಿ ರೆಡಿ ಮಾಡಿಲ್ಲ ನಾನು!”

ಹಾಗಾಗಿ ತೊಟ್ಟಿ ರೆಡಿಯಾಯಿತು. ತಳಕ್ಕೆ ನೀಲಿ ಕಲ್ಲು. ಹಿಂದೆ ಸಮುದ್ರದ ಪೋಸ್ಟರು, ಅದರಲ್ಲಿ ಹವಳ, ಆಕ್ಟೋಪಸ್ಸು, ಹಲ್ಲು ಕಿರಿಯುವ ಡಾಲ್ಫಿನ್. ಮೇಲೆ ಕಣ್ಣು ಕುಕ್ಕುವ ಟ್ಯೂಬ್‌ಲೈಟು. ನಡುವೆ ಬಂಡೆಯ ಮೇಲೆ ಕೂತ ಪ್ಲಾಸ್ಟಿಕ್ ಜಲಕನ್ಯೆ. ನೀರೊಂದನ್ನು ಬಿಟ್ಟರೆ ಮೀನಿಗೆ ಬೇಕಾದದ್ದೆಲ್ಲ ಅಲ್ಲಿತ್ತು. ಹಾವಿಗೆ ಕುಡಿಯಲು ಒಂದು ಬಟ್ಟಲು ನೀರು ಸಿಕ್ಕಿದ್ದೇ ಪುಣ್ಯ.

ಸುಮನ್ ಕೊಟ್ಟ ಸಾಮಾನಿನಲ್ಲಿ ತೆಳ್ಳಗಿನ ಒಂದು ಕಪ್ಪು ಹೀಟರ್ ಹಾಳೆಯೂ ಇತ್ತು. ತೊಟ್ಟಿಯ ಕೆಳಗಿಟ್ಟು ಪ್ಲಗ್ ಹಾಕಿದರೆ ಅಲ್ಲಿ ಗಾಜು ಬೆಚ್ಚಗಾಗುತ್ತದೆ. ಮುನೇಶ್ ಮಾವ ಅದನ್ನು ಅಳೆದು, ಸರಿಯಾಗಿ ನಡುವೆ ಇಟ್ಟ. ಆ ಬೆಚ್ಚಗಿನ ಜಾಗದ ಮೇಲೆ ಜಲಕನ್ಯೆ ಕೂತಿದ್ದಳು. ಡಿಸೆಂಬರ್ ಚಳಿಯಲ್ಲಿ ಹಾವು ಮೂಲೆಯಲ್ಲಿ ಮುದುರಿಕೊಂಡಿತ್ತು, ಪ್ಲಾಸ್ಟಿಕ್ ಹೆಂಗಸು ಬೆಚ್ಚಗಿದ್ದಳು.

ಬಂದಂದಿನಿಂದ ಡೇಂಜರ್ ಏನೂ ತಿಂದಿರಲಿಲ್ಲ.

ತಿನ್ನುವುದಿಲ್ಲ ಎಂದು ಗೊತ್ತಾದದ್ದೇ ತಡ, ಶ್ರೀರಾಂಪುರದ ಆ ಬೀದಿಯಲ್ಲಿ ಎಲ್ಲರೂ ಹಾವಿನ ಡಾಕ್ಟರಾದರು. ಅಪ್ಪನಿಗೆ ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ತರಕಾರಿ ಅಂಗಡಿ. ಪಕ್ಕದ ಬಾಳೆಹಣ್ಣಿನ ಅಂಗಡಿಯ ದೊಡ್ಡಬೈರಪ್ಪ, “ಮೊಟ್ಟೆ ಇಡಿ, ಯಾವ ಹಾವಾದ್ರೂ ನುಂಗುತ್ತೆ,” ಎಂದ. ಇಟ್ಟರು. ಮೊಟ್ಟೆ ತೊಟ್ಟಿಯಲ್ಲೇ ಕೊಳೆತು ಮನೆಯೆಲ್ಲ ನಾರಿತು.

ಮಹಡಿಯ ಮೇಲಿದ್ದ ಮನೆ ಓನರ್ ದಾಕ್ಷಾಯಣಮ್ಮ ಮೊದಲು “ನನ್ನ ಮನೇಲಿ ಹಾವಾ? ಖಾಲಿ ಮಾಡಿ!” ಎಂದು ಕಿರುಚಿದರು. ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ, ಬೆಳ್ಳಿ ಲೋಟದಲ್ಲಿ ಹಾಲು ಹಿಡಿದು ಬಂದರು. ಗಾಜಿಗೆ ಅರಿಶಿನ ಕುಂಕುಮ ಹಚ್ಚಿದರು. ತಂತಿ ಜಾಲರಿಯ ಮುಚ್ಚಳದ ಮೇಲಿಂದಲೇ ಹಾಲು ಸುರಿದರು. ಅರ್ಧ ನೀರಿನ ಬಟ್ಟಲಿಗೆ, ಅರ್ಧ ಡೇಂಜರ್‌ನ ಬೆನ್ನಿಗೆ.

“ಹಾವು ಹಾಲು ಕುಡಿಯಲ್ಲ ಆಂಟಿ, ಸೈನ್ಸ್ ಮಿಸ್ ಹೇಳಿದಾರೆ,” ಎಂದಳು ರಮ್ಯಾ.

“ನಿಮ್ಮ ಮಿಸ್ಸಿಗೇನು ಗೊತ್ತು? ಅವರು ಹುತ್ತಕ್ಕೆ ಹಾಲೆರೆದಿದಾರಾ?” ಎಂದು ದಾಕ್ಷಾಯಣಮ್ಮ ಕಣ್ಣು ಮುಚ್ಚಿ ಕೈ ಮುಗಿದರು.

ಅಜ್ಜಿ ಸಪ್ಪಲಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತ ಇದನ್ನೆಲ್ಲ ನೋಡುತ್ತಿದ್ದಳು. “ಹೆಡೆ ಇಲ್ಲ, ಬುಸ್ ಅನ್ನಲ್ಲ. ಇದಕ್ಕೆ ಬೆಳ್ಳಿ ಲೋಟ ಬೇರೆ ಕೇಡು,” ಎಂದಳು.

ಹಾಲು ಸುರಿದವರು ಪುಣ್ಯ ಕಟ್ಟಿಕೊಂಡು ಮಹಡಿ ಹತ್ತಿದರು. ಹುಳಿಯಾದ ಹಾಲನ್ನು ಒರೆಸಿ, ಬಟ್ಟಲು ತಿಕ್ಕಿ, ಹೊಸ ನೀರಿಟ್ಟವಳು ರಮ್ಯಾ. ಯಾರಿಗೂ ಏನೂ ಗೊತ್ತಿಲ್ಲ, ಎಲ್ಲರೂ ದಡ್ಡರು ಎಂದು ಗೊಣಗುತ್ತ ಒರೆಸಿದಳು. ಆ ಎಲ್ಲರಲ್ಲಿ ತಾನೂ ಸೇರಿದ್ದೇನೆ ಎಂದು ಅವಳಿಗೆ ಆಗ ಅನ್ನಿಸಿರಲಿಲ್ಲ.

ಭಾನುವಾರ ಮುನೇಶ್ ಮಾವ ಬಂದ. ಸೊಂಟದ ಮೇಲೆ ಕೈಯಿಟ್ಟು ಡೇಂಜರನ್ನು ನೋಡಿದ.

“ಇನ್ನೂ ತಿಂದಿಲ್ವಾ? ಸೋಂಬೇರಿ ನನ್ಮಗಂದು. ಭಾವಾ, ಒಂದು ಪಾರ್ಟಿ ಇದೆ. ಕಾಟನ್‌ಪೇಟೆಲಿ ಆಂಜಿನಯ್ಯ ಅಂತ, ಪ್ಲಾಸ್ಟಿಕ್ ಸಾಮಾನಿನ ಹೋಲ್‌ಸೇಲ್ ಅಂಗಡಿ. ಅವರ ಮೀನಿನ ತೊಟ್ಟಿ ನಾನೇ ನೋಡ್ಕೊಳ್ಳೋದು. ಹಾವು ಸಿಕ್ರೆ ಅಂಗಡಿ ಮುಂದೆ ಇಡ್ತಾರಂತೆ. ಸೀರಿಯಲ್ ಸೆಟ್ಟು ಲೈಟು ಹಾಕಿ, ಸ್ಪೀಕರ್ ಹಾಕಿ. ಜನ ಮುತ್ಕೋತಾರೆ!”

ರಮ್ಯಾ ತೊಟ್ಟಿಗೆ ಅಡ್ಡ ನಿಂತಳು. “ಕೊಡಲ್ಲ!” ಎಂದಳು.

“ಕೊಡಲ್ಲ ಅಂದ್ರೆ? ಇಲ್ಲಿ ಉಪವಾಸ ಸಾಯ್ಸೋಣ್ವಾ?” ಎಂದ ಅಪ್ಪ. “ಬರೋ ಭಾನುವಾರದವರೆಗೆ ಟೈಮು. ತಿಂದ್ರೆ ಇರುತ್ತೆ. ಇಲ್ಲ ಅಂದ್ರೆ ಕಾಟನ್‌ಪೇಟೆ.”

ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಫ್ರೀಜರಿನಲ್ಲಿ, ಕೊತ್ತಂಬರಿ ಸೊಪ್ಪಿನ ನೆತ್ತಿಯ ಮೇಲೆ, ಸುಮನ್ ಕೊಟ್ಟ ಸತ್ತ ಇಲಿಗಳಿದ್ದ ಐಸ್‌ಕ್ರೀಮ್ ಡಬ್ಬ ಕೂತಂದಿನಿಂದ ಅವಳು ಈ ವಿಷಯದಲ್ಲಿ ಯಾರೊಂದಿಗೂ ಮಾತಾಡುತ್ತಿರಲಿಲ್ಲ.

ಅಂದು ಸಂಜೆ ಅಪ್ಪ ರಮ್ಯಾಳನ್ನು ಅಂಗಡಿಗೆ ಕರೆದುಕೊಂಡು ಹೋದ. ಅವಳಿಗೆ ಅಂಗಡಿ ಇಷ್ಟ. ಅಂಗಡಿಯಲ್ಲಿ ಒಂದೇ ಒಂದು ಕಾಟವಿತ್ತು. ಅದು ಆ ದಿನವೂ ತಪ್ಪಲಿಲ್ಲ.

“ಬೀನ್ಸ್ ಅರ್ಧ ಕೇಜಿ ಕೊಡಪ್ಪ,” ಎಂದು ಕನ್ನಡಕ ಹಾಕಿದ ಗಿರಾಕಿಯೊಬ್ಬರು ಬಂದರು.

“ಕೊಡ್ತೀನಿ ಸಾರ್. ನಮ್ ಹುಡುಗಿ ಸಾರ್ ಇವಳು. ಇಂಗ್ಲಿಷ್ ಮೀಡಿಯಮ್ಮು. ಒಂದು ಪೋಯಮ್ ಹೇಳಮ್ಮಾ, ಸಾರ್ ಕೇಳ್ಲಿ.”

ಸಾರ್ ಕೇಳಿರಲಿಲ್ಲ. ಸಾರ್‌ಗೆ ಬೇಕಿದ್ದದ್ದು ಬೀನ್ಸು. ಆದರೂ ನಗುತ್ತ ನಿಂತರು. ಪಕ್ಕದ ಅಂಗಡಿಯಿಂದ ದೊಡ್ಡಬೈರಪ್ಪನೂ ಎದ್ದು ಬಂದ. ಸೊಪ್ಪು ಮಾರುವ ಹೆಂಗಸೂ ತಿರುಗಿ ನೋಡಿದಳು. ನೆತ್ತಿಯ ಮೇಲೆ ದೊಡ್ಡ ಬಲ್ಬು ಉರಿಯುತ್ತಿತ್ತು.

ರಮ್ಯಾಳಿಗೆ ಆ ಪೋಯಮ್ ಬರುತ್ತಿತ್ತು. ಬಚ್ಚಲಲ್ಲಿ ತಂಬಿಗೆ ಹಿಡಿದುಕೊಂಡು ಗಡಗಡ ಹೇಳುತ್ತಿದ್ದಳು. ಈಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು.

“ತಲೆ ಎತ್ತಮ್ಮಾ! ಮುಖ ಕಾಣ್ಲಿ!” ಎಂದ ದೊಡ್ಡಬೈರಪ್ಪ. ತೂಕದ ಕಲ್ಲು ತೆಗೆದು ತಕ್ಕಡಿಯ ತಟ್ಟೆಗೆ ಟಣ್ ಟಣ್ ಎಂದು ಬಡಿದ. “ಊಂ, ರೆಡಿ, ಸ್ಟಾರ್ಟ್!”

ರಮ್ಯಾ ಓಡಿದಳು. ಅಂಗಡಿಯ ಹಿಂದುಗಡೆ, ಆಲೂಗಡ್ಡೆ ಮೂಟೆಗಳ ಸಂದಿಗೆ ನುಗ್ಗಿ, ಮೇಲೆ ಒಂದು ಖಾಲಿ ಗೋಣಿಚೀಲ ಎಳೆದುಕೊಂಡಳು.

ಹೊರಗೆ ನಗು ಕೇಳಿಸಿತು. “ಪೋಯಮ್ ಅಂದ ತಕ್ಷಣ ನಮ್ ಇಂಗ್ಲಿಷ್ ಮೀಡಿಯಮ್ಮು ಎಸ್ಕೇಪು,” ಎಂದು ದೊಡ್ಡಬೈರಪ್ಪ ಹೇಳುವುದೂ ಕೇಳಿಸಿತು. ರಮ್ಯಾಳಿಗೆ ಅವಮಾನವಾಯಿತು. ಅವನ ಮೇಲೆ, ಅಪ್ಪನ ಮೇಲೆ, ಬೀನ್ಸ್ ತಿನ್ನುವ ಎಲ್ಲರ ಮೇಲೆ ಸಿಟ್ಟು ಬಂತು.

ಮೂಟೆಗಳ ಸಂದಿ ಕತ್ತಲಾಗಿತ್ತು, ಬೆಚ್ಚಗಿತ್ತು. ಎಡಕ್ಕೊಂದು ಮೂಟೆ ಒತ್ತುತ್ತಿತ್ತು, ಬಲಕ್ಕೊಂದು. ಬೆನ್ನಿಗೆ ಗೋಡೆ. ಯಾರಿಗೂ ಕಾಣುವುದಿಲ್ಲ ಎಂದು ಗೊತ್ತಾದ ಮೇಲೆ ಎದೆಯ ಡವಡವ ತಾನಾಗಿ ಇಳಿಯಿತು. ಆಗ ಅವಳು ತನ್ನನ್ನು ತಾನೇ ನೋಡಿಕೊಂಡಳು. ಮೊಣಕಾಲು ಎದೆಗೆ ಸೇರಿತ್ತು. ಕೈ ಸುತ್ತಿಕೊಂಡಿತ್ತು. ತಲೆ ಎರಡು ಮಂಡಿಗಳ ನಡುವೆ ಹೋಗಿತ್ತು.

ಥೂ, ಹುಣಸೆಹಣ್ಣಿನ ಉಂಡೆ.

ಮಾರನೆಯ ದಿನ ಸಂಜೆ ಕರೆಂಟು ಹೋಯಿತು. ಶ್ರೀರಾಂಪುರದಲ್ಲಿ ಕರೆಂಟು ಹೋಗದಿದ್ದರೆ ತಾನೇ ಆಶ್ಚರ್ಯ. ಅಜ್ಜಿ ಎಂದಿನಂತೆ ಕರೆಂಟಿನವರನ್ನು ಬೈದಳು. ಅಮ್ಮ ಮೇಣದಬತ್ತಿ ಹುಡುಕಿದಳು. ತೊಟ್ಟಿಯ ಟ್ಯೂಬ್‌ಲೈಟು ಆರಿತ್ತು. ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ರಮ್ಯಾ ಸುಮ್ಮನೆ ಕೂತಳು.

ಕಲ್ಲು ಸರಿದ ಸದ್ದಾಯಿತು.

ಅಡುಗೆಮನೆಯಲ್ಲಿ ಮೇಣದಬತ್ತಿ ಹೊತ್ತಿತು. ಆ ಮಂಕು ಬೆಳಕಿನಲ್ಲಿ ಉಂಡೆ ಬಿಚ್ಚಿಕೊಳ್ಳುವುದನ್ನು ರಮ್ಯಾ ಕಂಡಳು. ಮೊದಲು ಮೂಗು, ಆಮೇಲೆ ತಲೆ, ಆಮೇಲೆ ತೆಳ್ಳಗಿನ ಕುತ್ತಿಗೆ. ನಾಲಿಗೆ ಹೊರಗೆ ಬಂದು ಹೋಯಿತು. ಎಷ್ಟು ಚೆನ್ನಾಗಿತ್ತು ಅದರ ಮುಖ! ಅವಳು ಅದನ್ನು ಸರಿಯಾಗಿ ನೋಡಿದ್ದು ಇದೇ ಮೊದಲು.

ಡೇಂಜರ್ ಗಾಜಿನ ಅಂಚು ಹಿಡಿದು ಹೊರಟಿತು. ಪೋಸ್ಟರಿನ ಹಿಂದೆ ಮೂಗು ತೂರಿಸಲು ನೋಡಿತು. ಆಗಲಿಲ್ಲ. ಜಲಕನ್ಯೆಯ ಬಂಡೆಯ ಕೆಳಗೆ ತಲೆ ತುರುಕಿತು. ಅಲ್ಲಿ ತಲೆಗಷ್ಟೇ ಜಾಗ. ಹಿಂದಕ್ಕೆ ಬಂದು ಮತ್ತೆ ಅಂಚು ಹಿಡಿಯಿತು. ಅದು ಆಟವಾಡುತ್ತಿರಲಿಲ್ಲ. ಹುಡುಕುತ್ತಿತ್ತು. ಆ ಫಳಫಳ ತೊಟ್ಟಿಯಲ್ಲಿ ಮೂಟೆಯ ಸಂದಿಯಂಥ ಜಾಗ ಒಂದೂ ಇರಲಿಲ್ಲ.

ಕರೆಂಟು ಬಂತು. ಟ್ಯೂಬ್‌ಲೈಟು ಪಟಪಟನೆ ಹೊತ್ತಿಕೊಂಡಿತು. ಡೇಂಜರ್ ಮೂಲೆಗೆ ಹೋಗಿ ಉಂಡೆಯಾಯಿತು.

ರಮ್ಯಾ ಎದ್ದು ಟ್ಯೂಬ್‌ಲೈಟಿನ ಸ್ವಿಚ್ ಆರಿಸಿದಳು. ಸ್ಟೀಲ್ ಸ್ಕೇಲು ಕಣ್ಣಿಗೆ ಬಿತ್ತು. ಅದನ್ನು ಬ್ಯಾಗಿನ ತಳಕ್ಕೆ ಹಾಕಿದಳು.

“ಅಜ್ಜೀ, ಹಿತ್ತಲಲ್ಲಿ ಬಾಯಿ ಒಡೆದಿರೋ ಮಡಕೆ ಇದೆಯಲ್ಲ, ನಂಗೆ ಕೊಡ್ತೀಯಾ?”

“ಒಡಕು ಮಡಕೆಗೂ ಗಿರಾಕಿ ಬಂತಾ ಈ ಮನೇಲಿ? ತಗೋ ತಾಯಿ,” ಎಂದಳು ಅಜ್ಜಿ.

ಜಲಕನ್ಯೆ ಹೊರಗೆ ಬಂದಳು. ಆಕ್ಟೋಪಸ್ಸೂ ಡಾಲ್ಫಿನ್ನೂ ಹರಿದು ಹೋದವು. ಮೂಲೆಯ ಉಂಡೆಯನ್ನು ಮುಟ್ಟದೆ ಸುತ್ತಲಿನ ನೀಲಿ ಕಲ್ಲು ತೆಗೆದು ಹಳೆಯ ನ್ಯೂಸ್‌ಪೇಪರ್ ಹಾಸಿದಳು. ಹೀಟರ್ ಹಾಳೆಯನ್ನು ತೊಟ್ಟಿಯ ಒಂದು ತುದಿಗೆ ಎಳೆದಳು. ಗಾಜಿನ ಮೇಲೆ ತನ್ನ ಅಂಗೈಯಿಟ್ಟು ನೋಡಿದಳು. ಸುಡುತ್ತಿರಲಿಲ್ಲ, ಬೆಚ್ಚಗಿತ್ತು. ಅದರ ಮೇಲೆ ಮಡಕೆಯನ್ನು ಬೋರಲು ಹಾಕಿದಳು. ಒಡೆದ ಬಾಯಿಯ ಕಡೆ ಹಾವು ನುಸುಳುವಷ್ಟು ಸಂದಿ ಉಳಿಯಿತು. ಸೆಕೆಯಾದರೆ ಎಲ್ಲಿ ಹೋಗಬೇಕು? ಆ ಯೋಚನೆ ಬಂದು ತಂಪಾದ ತುದಿಗೆ ತನ್ನ ಶೂ ಡಬ್ಬವನ್ನು ತೂತು ಮಾಡಿ ಇಟ್ಟಳು.

ಅಷ್ಟರಲ್ಲಿ ಅಪ್ಪ ಅಂಗಡಿ ಮುಚ್ಚಿ ಬಂದ. ಅವನ ಮುಖದಲ್ಲಿ ನಗುವೂ ಇತ್ತು, ಕುಚೋದ್ಯವೂ ಇತ್ತು.

“ಏನಿದು, ಡೇಂಜರ್‌ಗೆ ಸೈಟು ಕೊಟ್ಟು ಮನೆ ಕಟ್ಸಿದ್ಯಾ?”

“ಮೂರು ಕಡೆ ಗಾಜಿಗೆ ಏನಾದ್ರೂ ಮುಚ್ಚಬೇಕು ಅಪ್ಪ. ಅದಕ್ಕೆ ಭಯ ಆಗುತ್ತೆ.”

“ಹಾವಿಗೆ ಭಯ!” ಅಪ್ಪ ನಕ್ಕ. ಆದರೆ ಗಾಜನ್ನು ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದ. “ಈ ಕಡೆ ತುಂಬಾ ಥಂಡಿ ಐತೆ ಕಣೇ. ಈ ಚಳೀಲಿ ನಮ್ ದೊಡ್ಡಬೈರಪ್ಪ ಬಾಳೆಗೊನೆಗೂ ಗೋಣಿ ಹೊದಿಸ್ತಾನೆ. ಇಲ್ಲಾಂದ್ರೆ ಹಣ್ಣೇ ಆಗಲ್ಲ.” ಹೊರಗೆ ಸ್ಕೂಟರಿನಲ್ಲಿದ್ದ ಎರಡು ಗೋಣಿಚೀಲ ತಂದು, ಬಾಳೆಗೊನೆಗೆ ಸುತ್ತುವ ಹಾಗೆಯೇ ತೊಟ್ಟಿಯ ಮೂರು ಕಡೆ ಸುತ್ತಿ ಹುರಿಯಿಂದ ಬಿಗಿದ. ಮುಚ್ಚಳ ಜರುಗದಂತೆ ಅಜ್ಜಿಯ ಕಲ್ಲಿನ ಕುಟ್ಟಾಣಿಯನ್ನು ಮೇಲೆ ಹೇರಿದ.

“ಇಷ್ಟೆಲ್ಲ ಮಾಡಿದ್ರೂ ತಿನ್ಲಿಲ್ಲ ಅಂದ್ರೆ ಭಾನುವಾರ ಕಾಟನ್‌ಪೇಟೆನೇ,” ಎಂದ.

ಡೇಂಜರ್ ಮಡಕೆಯೊಳಗೆ ಹೋಯಿತು. ಹೋದದ್ದು ಹೋಯಿತು, ಆ ವಾರವೆಲ್ಲ ಯಾರಿಗೂ ಬಾಲದ ತುದಿಯೂ ಕಾಣಲಿಲ್ಲ. ರಮ್ಯಾ ದಿನಾ ನೀರು ಬದಲಿಸುತ್ತಿದ್ದಳು, ಮುಚ್ಚಳ ಹಾಕುತ್ತಿದ್ದಳು, ಎದ್ದು ಹೋಗುತ್ತಿದ್ದಳು. ಮಡಕೆ ಎತ್ತಿ ನೋಡಲು ಕೈ ತುರಿಸುತ್ತಿತ್ತು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ದಾಕ್ಷಾಯಣಮ್ಮ ಹಾಲು ತಂದರೆ, “ಹೊರಗಡೆ ಗಿಡಕ್ಕೆ ಹಾಕಿ ಆಂಟಿ,” ಎಂದು ಬಾಗಿಲಲ್ಲೇ ತಡೆಯುತ್ತಿದ್ದಳು.

ಸ್ಕೂಲಿನಲ್ಲಿ ಮೋನಿಷಾ ಬಿಟ್ಟಾಳೆಯೇ? “ಹುಣಸೆಹಣ್ಣು ಹೆಂಗಿದೆ?” ಎಂದು ಅಸೆಂಬ್ಲಿ ಲೈನಿನಲ್ಲೂ ಕೇಳುತ್ತಿದ್ದಳು. “ಮಡಕೆ ಒಳಗಿದೆ, ಕಾಣಲ್ಲ,” ಎಂದಳು ರಮ್ಯಾ ಒಂದು ದಿನ. “ಓಹೋ! ಈಗ ಕಾಣ್ಸೋದೇ ಇಲ್ವಾ? ಸತ್ತೋಗಿದೆ ಬಿಡು, ಸುಳ್ಳಿ. ಭಾನುವಾರ ಬಂದು ನೋಡ್ತೀವಿ.”

ಶನಿವಾರ ಸಂಜೆ ರಮ್ಯಾ ಐಸ್‌ಕ್ರೀಮ್ ಡಬ್ಬದಿಂದ ಒಂದು ಇಲಿ ತೆಗೆದು ಬಿಸಿನೀರಲ್ಲಿಟ್ಟಳು. ಅಮ್ಮ ಮುಖ ಆಚೆ ತಿರುಗಿಸಿಕೊಂಡೇ ಒಂದು ಹಳೆಯ ಇಕ್ಕಳ ಚಾಚಿದಳು.

“ತಗೋ. ಇನ್ಮೇಲೆ ಅದು ನಿನ್ ಹಾವಿಂದೇ. ಮತ್ತೆ ನನ್ ಅಡುಗೆಮನೆಗೆ ತಂದ್ರೆ ನೋಡು.”

ಹಾಲ್‌ನ ದೀಪ ಆರಿಸಿ, ಬೆಚ್ಚಗಾದ ಇಲಿಯನ್ನು ಮಡಕೆಯ ಒಡಕು ಬಾಯಿಯ ಮುಂದೆ ಇಟ್ಟು, ರಮ್ಯಾ ತೊಟ್ಟಿಗೆ ಬೆನ್ನು ಹಾಕಿ ಕೂತಳು. ನೋಡಬಾರದು ಎಂದು ತಾನೇ ತನಗೆ ರೂಲ್ ಮಾಡಿಕೊಂಡಿದ್ದಳು. ಬೀದಿಯಲ್ಲಿ ಹುಡುಗರು ಕ್ರಿಕೆಟ್ ಮುಗಿಸಿ ಜಗಳವಾಡುತ್ತಿದ್ದರು. ಮೇಲೆ ದಾಕ್ಷಾಯಣಮ್ಮನ ಟಿವಿ ಅಳುತ್ತಿತ್ತು. ತಿನ್ನು ಡೇಂಜರ್, ದಮ್ಮಯ್ಯ ತಿನ್ನು, ಎಂದು ರಮ್ಯಾ ಮನಸ್ಸಿನಲ್ಲೇ ಗೋಗರೆದಳು. ಕಾಟನ್‌ಪೇಟೆಯ ಸೀರಿಯಲ್ ಸೆಟ್ಟು ಕಣ್ಣ ಮುಂದೆ ಮಿಣಮಿಣ ಎನ್ನುತ್ತಿತ್ತು. ಕಣ್ಣಲ್ಲಿ ನೀರು ತುಂಬಿತು.

ಹಿಂದೆ ದಪ್ ಎಂದಿತು.

ರೂಲ್ ಮುರಿದು ತಿರುಗಿ ನೋಡಿದಳು. ಮಡಕೆ ಅಲುಗುತ್ತಿತ್ತು. ಇಲಿಯ ಬಾಲ ನಿಧಾನವಾಗಿ ಒಡಕು ಬಾಯಿಯೊಳಗೆ ಜಾರಿಹೋಯಿತು.

ಭಾನುವಾರ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುನೇಶ್ ಮಾವ ಬಂದಿದ್ದ. ಆಂಜಿನಯ್ಯನೂ ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟು ಬಂದಿದ್ದರು. ಕ್ಲಾಸಿನವರೂ ಬಂದಿದ್ದರು. ಚಪ್ಪಲಿ ಬಿಚ್ಚದವನು ಈ ಸಲವೂ ಬಿಚ್ಚಿರಲಿಲ್ಲ.

ಮುನೇಶ್ ಮಾವ ಗೋಣಿಚೀಲ ಸುತ್ತಿದ ತೊಟ್ಟಿಯನ್ನು ನೋಡಿ ತಲೆ ಚಚ್ಚಿಕೊಂಡ.

“ಏನ್ರೀ ಭಾವ, ಇದನ್ನ ತರಕಾರಿ ಮೂಟೆ ಮಾಡಿದೀರ! ನನ್ ಜಲಕನ್ಯೆ ಎಲ್ಲಿ?”

“ಮಾವ, ಡೇಂಜರ್ ನಿನ್ನೆ ತಿಂತು,” ಎಂದಳು ರಮ್ಯಾ.

“ಯಾವನು ನೋಡಿದ್ದು? ಎತ್ತು ಮಡಕೆ. ಹೊಟ್ಟೆ ಉಬ್ಬಿದ್ರೆ ತಿಂದಿದೆ ಅಂತ.”

“ಎತ್ತಲ್ಲ. ತಿಂದ್ಮೇಲೆ ಎರಡು ದಿನ ಮುಟ್ಟಬಾರದು ಅಂತ ನೀನೇ ಹೇಳಿದ್ದು.”

ಮುನೇಶ್ ಮಾವನಿಗೆ ತಾನು ಹೇಳಿದ್ದನ್ನು ಯಾರಾದರೂ ನೆನಪಿಟ್ಟುಕೊಂಡಿದ್ದು ಇದೇ ಮೊದಲು. ಅವನು ಬಗ್ಗಿ ಮಡಕೆಯನ್ನೇ ನೋಡಿದ. ಆಮೇಲೆ ಶೂ ಡಬ್ಬವನ್ನು ನೋಡಿದ.

“ಅಯ್ಯೋ, ಇಂಥವೇ ಎರಡು ತೂತಿನ ಡಬ್ಬ ಇದ್ವು ಆ ಸುಮನ್ ಕೊಟ್ಟ ಸಾಮಾನಲ್ಲಿ. ಅದೊಳಗೆ ಹೋದ್ರೆ ಹಾವು ಕಾಣ್ಸಲ್ವಲ್ಲ ಅಂತ ನಾನೇ ಕಸಕ್ಕೆ ಎಸೆದೆ.”

ಅಜ್ಜಿ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ, “ಎಲ್ಲಾ ಗೊತ್ತಪ್ಪ ನಿಂಗೆ,” ಎಂದಳು.

“ನೋಡಮ್ಮಾ,” ಎಂದರು ಆಂಜಿನಯ್ಯ, “ನಾನು ಕಾಟನ್‌ಪೇಟೆಯಿಂದ ಹಾವು ನೋಡಕ್ಕೆ ಬಂದಿರೋದು, ಮಡಕೆ ನೋಡಕ್ಕಲ್ಲ. ಒಂದ್ಸಲ ತೋರಿಸ್ಬಿಡು.”

“ಇಲ್ಲೇ ಇಲ್ಲ ಅಂಕಲ್! ಇದ್ರೆ ತಾನೇ ತೋರ್ಸಕ್ಕೆ,” ಎಂದಳು ಮೋನಿಷಾ. “ಸತ್ತೋಗಿದೆ. ಇವಳು ಸುಳ್ಳಿ.”

“ಸುಳ್ಳಿ! ಸುಳ್ಳಿ!” ಎಂದರು ಎಲ್ಲರೂ.

ಮಡಕೆಯನ್ನು ಎತ್ತಿದರೆ ಮುಗಿಯಿತು. ಉಬ್ಬಿದ ಹೊಟ್ಟೆ ಕಾಣುತ್ತದೆ. ಮೋನಿಷಾಳ ಬಾಯಿ ಮುಚ್ಚುತ್ತದೆ. ನಾಳೆ ಸ್ಕೂಲಿನಲ್ಲಿ ತಾನೇ ರಾಣಿ. ರಮ್ಯಾ ಕುಟ್ಟಾಣಿಯ ಮೇಲೆ ಕೈಯಿಟ್ಟಳು. ಎಲ್ಲರೂ ಮುಂದಕ್ಕೆ ಬಾಗಿದರು. ಯಾರೋ ಗಾಜಿನ ಮೇಲೆ ಬೆರಳಿಂದ ಟಣ್ ಟಣ್ ಎಂದು ಬಡಿದರು.

ಅವಳು ಕೈ ತೆಗೆಯಲಿಲ್ಲ. ಆದರೆ ಕುಟ್ಟಾಣಿಯನ್ನು ಎತ್ತಲೂ ಇಲ್ಲ, ಇನ್ನೊಂದು ಕೈಯನ್ನೂ ಅದರ ಮೇಲಿಟ್ಟು ಒತ್ತಿ ಹಿಡಿದಳು.

“ಬಡೀಬೇಡಿ,” ಎಂದಳು. ಈ ಸಲ ಮಾತು ಹೊರಗೆ ಬಂತು. “ತೋರ್ಸಲ್ಲ. ಸುಳ್ಳಿ ಅಂತಾನೇ ಅಂದ್ಕೊಳ್ಳಿ.”

ಮೋನಿಷಾ ಮೂತಿ ತಿರುಗಿಸಿದಳು. “ಒಡಕು ಮಡಕೆ ನೋಡಕ್ಕೆ ನಾನು ಟ್ಯೂಷನ್ ಬಿಟ್ಟು ಬಂದೆ,” ಎಂದು ಎಲ್ಲರನ್ನೂ ಎಬ್ಬಿಸಿಕೊಂಡು ಹೊರಟಳು. ಗಲಾಟೆ ಬೀದಿಯ ತುದಿಯವರೆಗೂ ಕೇಳಿಸುತ್ತಿತ್ತು. ರಮ್ಯಾಳಿಗೆ ಅಳು ಬಂತು. ನುಂಗಿಕೊಂಡಳು.

ಆಂಜಿನಯ್ಯ ಕೈಗಡಿಯಾರ ನೋಡಿಕೊಂಡರು. “ಕಾಣ್ದೇ ಇರೋ ಹಾವನ್ನ ಇಟ್ಕೊಂಡು ನಾನೇನ್ ಮಾಡ್ಲಿ? ಹೋಗ್ಲಿ ಬಿಡ್ರಿ. ಬಂದಿದ್ದಕ್ಕೆ ಏನಾದ್ರೂ ಪ್ರೋಗ್ರಾಮ್ ಆಗ್ಲಿ. ಮಗು ಇಂಗ್ಲಿಷ್ ಪೋಯಮ್ ಹೇಳ್ತಾಳಂತಲ್ಲ? ಮುನೇಶ್ ಹೇಳ್ತಿದ್ದ. ಹೇಳ್ಸಿ, ಕೇಳೋಣ.”

ಅಪ್ಪ ಅಭ್ಯಾಸದಂತೆ ಬಾಯಿ ತೆರೆದ. ಅವನ ಕಣ್ಣು ಮಗಳ ಮೇಲೆ ಬಿತ್ತು. ಅವಳ ಎರಡೂ ಕೈ ಇನ್ನೂ ಕುಟ್ಟಾಣಿಯ ಮೇಲಿದ್ದವು, ತಲೆ ಕೆಳಗೆ ಬಗ್ಗಿತ್ತು. ಅಪ್ಪ ಮಡಕೆಯ ಕಡೆಗೊಮ್ಮೆ ನೋಡಿದ.

“ಇವತ್ತು ಬೇಡ ಬಿಡಿ ಸಾರ್,” ಎಂದ. “ಪ್ರೇಮಾ, ಇವರಿಗೆ ಕಾಫಿ ಕೊಡೇ.”

ಸಂಜೆಯ ಹೊತ್ತಿಗೆ ಮನೆ ಖಾಲಿಯಾಯಿತು. ಅಮ್ಮ ಕಾಫಿ ಲೋಟಗಳನ್ನು ತೊಳೆಯುತ್ತಿದ್ದಳು. ಅಪ್ಪ ಹಾಲ್‌ನ ದೀಪ ಹಾಕಲು ಹೋಗಿ, ಹಾಕದೆಯೇ ಹೊರಗೆ ಜಗಲಿಯ ಮೇಲೆ ಕೂತ. ರಮ್ಯಾ ತೊಟ್ಟಿಯಿಂದ ಸ್ವಲ್ಪ ದೂರ, ಗೋಡೆಗೊರಗಿ, ಮಂಡಿ ಅಪ್ಪಿಕೊಂಡಿದ್ದಳು. ಯಾವುದಕ್ಕೂ ಕಾಯುತ್ತಿರಲಿಲ್ಲ.

ಮಡಕೆಯ ಒಡಕು ಬಾಯಿಯಲ್ಲಿ ಒಂದು ಮೂಗು ಕಾಣಿಸಿತು. ನಾಲಿಗೆ ಹೊರಗೆ ಬಂತು, ಒಳಗೆ ಹೋಯಿತು. ಆಮೇಲೆ ತಲೆ ಪೂರ್ತಿ ಹೊರಬಂದು ನ್ಯೂಸ್‌ಪೇಪರಿನ ಮೇಲೆ ಗಲ್ಲವಿಟ್ಟು, ಅವಳ ಕಡೆಗೆ ತಿರುಗಿ ಹಾಗೇ ಉಳಿಯಿತು.

ಅಪ್ಪ ಹೊರಗೇ ಇದ್ದ. ಅಜ್ಜಿ ಬಾಗಿಲಲ್ಲೇ ಇದ್ದಳು. ಮೋನಿಷಾಳ ಮನೆ ಬೀದಿಯ ಆ ತುದಿಯಲ್ಲಿತ್ತು, ಒಂದು ಕೂಗು ಹಾಕಿದರೆ ಸಾಕಿತ್ತು.

ರಮ್ಯಾ ಯಾರನ್ನೂ ಕರೆಯಲಿಲ್ಲ.